ಮಾರೋ ಸಾಮಾನಿನ ಪಟ್ಟೀಲಿ ಮೀನು ಬರೀಬೇಡಿ

ಮನೆ ಖಾಲಿ ಮಾಡೋರು ಮಾರಾಟಕ್ಕೆ ಇಡೋ ಸಾಮಾನಿನ ಪಟ್ಟಿ ನೀವೂ ನೋಡಿರ್ತೀರಿ. ಸೋಫಾ ಒಂದು, ಬೀರು ಒಂದು, ವಾಷಿಂಗ್ ಮಷೀನು ಒಂದು, ಅಕ್ವೇರಿಯಂ ಒಂದು, ಮೀನು ಸಮೇತ. ಈ ಕೊನೇಲಿ ಬರೆದವ್ರಲ್ಲ, ‘ಮೀನು ಸಮೇತ’ ಅಂತ, ಅದರ ಮೇಲೆ ನನಗೆ ಜಗಳ ಅದೆ. ಸಂತೇಲಿ ಹಸು ಮಾರೋನು ಕೂಡ ಹಿಂಗೆ ಮಾರಲ್ಲ ಕನ್ರವ್ವ. ಎಷ್ಟನೇ ಸೂಲು, ಹೊತ್ತಿಗೆ ಎಷ್ಟು ಲೀಟರ್ ಹಾಲು, ಒದೀತದಾ ಇಲ್ವಾ ಅಂತ ಹೇಳಿ ಹಗ್ಗ ಕೊಡ್ತಾನೆ. ಕೊಳ್ಳೋನು ಹಲ್ಲು ಹಿಡಿದು ನೋಡಿ ತಕ್ಕೊತಾನೆ. ಗಾಜಿನ ತೊಟ್ಟಿ ಒಳಗಿರೋ ಜೀವಕ್ಕೆ ಅಷ್ಟು ಮರ್ಯಾದೆನೂ ಇಲ್ಲ.

ಅದರಲ್ಲೂ ನಾನು ಹೇಳ್ತಾ ಇರೋದು ಉಪ್ಪುನೀರಿನ ತೊಟ್ಟಿ ವಿಚಾರ. ಗೋಲ್ಡ್‌ಫಿಶ್ ಸಾಕೋ ಸಿಹಿನೀರಿನ ತೊಟ್ಟಿ ಬೇರೆ, ಇದು ಬೇರೆ. ಇದರೊಳಗೆ ಇರೋದು ಕಡಲಿನ ಮೀನು. ನಮ್ಮ ಗುಂಡ್ಲುಪೇಟೆ ಮುಂದೆ ಹೋಗೋ 766ನೇ ಹೆದ್ದಾರಿ ಬಂಡೀಪುರದ ಕಾಡು, ಸುಲ್ತಾನ್ ಬತ್ತೇರಿ, ವಯನಾಡಿನ ಘಾಟಿ ದಾಟಿ ಕೋಳಿಕ್ಕೋಡಿನ ಕಡಲ ತಂಕ ಹೋಯ್ತದೆ. ರಸ್ತೆ ಹೋಯ್ತದೆ ಅಂತ ಕಡಲು ನಮ್ಮೂರಿಗೆ ಬರಲ್ಲ. ಅರಿಶಿನ, ಸೂರ್ಯಕಾಂತಿ, ಚೆಂಡುಹೂವು ಬೆಳೆಯೋ ನೆಲ ನಮ್ಮದು. ಬೋರಿನ ನೀರು ಗಡಸು. ಕುಡಿಯೋಕೆ ಕಬಿನಿಯಿಂದ ಪೈಪು ಎಳೆದು ತರಬೇಕು. ಇಂಥ ಕಡೆ ಷೋಕಿಗೆ ಕಡಲು ತಂದು ಹಾಲಿನಲ್ಲಿ ಇಟ್ಕೊಂಡು, ಎರಡು ವರ್ಷಕ್ಕೆ ಬೇಜಾರಾಗಿ, ಸೋಫಾ ಜೊತೇಲಿ ಮಾರಿಬುಡೋದು ಸರಿಯಾ ಅನ್ನೋದು ನನ್ನ ಪ್ರಶ್ನೆ.

ನನ್ನ ವಾದ ಎರಡೇ ಮಾತು. ಹೊಸದಾಗಿ ಉಪ್ಪುನೀರಿನ ತೊಟ್ಟಿ ಮಾಡಬೇಡಿ. ಈಗಾಗಲೇ ಇರೋದು ಹಾಳು ಬಿದ್ದಿದ್ರೆ ಅದನ್ನ ಬಿಸಾಕಬೇಡಿ, ಉಳಿಸಿ. ಎರಡನ್ನೂ ಒಟ್ಟಿಗೇ ಹೇಳ್ತೀನಿ, ಯಾಕಂದ್ರೆ ಜನ ಒಂದನ್ನ ಕೇಳಿಸ್ಕೊಂಡು ಇನ್ನೊಂದನ್ನ ಬುಟ್ಟುಬುಡ್ತಾರೆ.

ಚಾಮರಾಜನಗರದ ಒಂದು ಮನೆಯಿಂದ ನಾನು ಹಳೇ ತೊಟ್ಟಿ ತಂದೆ. ವರ್ಗ ಆಗಿ ಹೋಗೋರು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಳಗೆ ಎರಡು ಕ್ಲೌನ್ ಮೀನು (ಮಕ್ಕಳು ನೀಮೋ ಅಂತಾರಲ್ಲ, ಅದೇ), ಒಂದು ನೀಲಿ ಡ್ಯಾಮ್ಸೆಲ್, ಚಿಪ್ಪು ಹೊತ್ಕೊಂಡು ಓಡಾಡೋ ಒಂದು ಸನ್ಯಾಸಿ ಏಡಿ. ಗಾಜಿನ ಮೇಲೆ ಕಂದು ಪಾಚಿ. ಮರಳಿನ ಮೇಲೆ ಕೆಂಪು ಲೋಳೆ, ಹಾಲಿನ ಕೆನೆ ಥರ ಹರಡಿತ್ತು. ನೀರು ನಾಲ್ಕಿಂಚು ಇಳಿದು ಹೋಗಿತ್ತು. ಮುಚ್ಚಳ, ವಯರು, ಪ್ಲಗ್ಗು ಎಲ್ಲಾ ಕಡೆ ಬಿಳೀ ಉಪ್ಪು ಹೆಪ್ಪುಗಟ್ಟಿತ್ತು. ಡ್ಯಾಮ್ಸೆಲ್‌ನ ರೆಕ್ಕೆ ಹರಿದಿತ್ತು, ಹೊಟ್ಟೆ ಒಳಕ್ಕೆ ಹೋಗಿತ್ತು. ಯಾರು ನೋಡ್ಕೊಳ್ತಿದ್ರು ಅಂತ ಕೇಳಿದೆ. ಕೆಲಸದೋಳಿಗೆ ಹೇಳಿದ್ವಿ, ದಿನಾ ಒಂದು ಚಿಟಿಕೆ ಊಟ ಹಾಕ್ತಿದ್ಲು ಅಂದ್ರು. ಆ ಹುಡುಗಿಗೆ ಯಾರೂ ಏನೂ ಕಲಿಸಿರಲಿಲ್ಲ. ಕಲಿಸಬೇಕಾದೋರು ಪರದೆ ಹಾಕ್ಕೊಂಡು ಕೂತಿದ್ರು.

ನೀರು ಇಳಿದ್ರೆ ಏನಾಯ್ತದೆ ಅಂತ ವಸಿ ಬಿಡಿಸಿ ಹೇಳ್ತೀನಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರ್ತದೆ. ಬಿಸಿಲಿಗೆ ಆವಿಯಾಗಿ ಹೋಗೋದು ಬರೀ ನೀರು, ಉಪ್ಪು ಅಲ್ಲೇ ಉಳೀತದೆ. ಸಾರು ಒಲೆ ಮೇಲೆ ಮರೆತ್ರೆ ಉಪ್ಪಾಯ್ತದಲ್ಲ, ಹಂಗೆ. ಹಾಗಾಗಿ ಕಡಿಮೆಯಾದ ನೀರಿಗೆ ದಿನಾ ಸಿಹಿನೀರು ಸೇರಿಸಬೇಕು, ಉಪ್ಪುನೀರು ಅಲ್ಲ. ಅಳೆಯೋ ಮೀಟರಿನಲ್ಲಿ 1.025 ಹತ್ರ ತೋರಿಸಬೇಕಾದ್ದು ಆ ತೊಟ್ಟೀಲಿ 1.032 ತೋರಿಸ್ತು. ಎರಡು ಲೋಟ ನೀರು ದಿನಾ ಹಾಕೋ ಕೆಲಸ ಅಷ್ಟೇ. ಅದಕ್ಕೂ ಆ ಮನೇಲಿ ಪುರುಸೊತ್ತು ಇರಲಿಲ್ಲ.

ತಂದ ಮೇಲೆ ಎಲ್ಲರೂ ಬುದ್ಧಿ ಹೇಳೋಕೆ ಬಂದ್ರು. ಮೂರು ಥರದ ಬುದ್ಧಿವಾದ ಬಂತು, ಮೂರೂ ಮೀನು ಕೊಲ್ಲೋವೇ.

ಮೊದಲನೇದು, ‘ಎಲ್ಲಾ ಆಚೆ ತೆಗೆದು ವಿಮ್ ಹಾಕಿ ತಿಕ್ಕಿ ತೊಳೆದುಬುಡಿ ಅಕ್ಕ, ಫಳ ಫಳ ಅಂತದೆ.’ ನಾವು ಹೆಂಗಸ್ರು ಕೊಳಕು ಕಂಡ್ರೆ ತಡ್ಕೊಳಲ್ಲ ಅಂತ ಅವರಿಗೆ ಗೊತ್ತು. ಆದ್ರೆ ಇಲ್ಲಿ ಕೊಳಕು ಯಾವುದು, ಹೆಪ್ಪು ಯಾವುದು ಅಂತ ತಿಳ್ಕೊಬೇಕು. ಮೀನಿನ ಗಲೀಜು, ತಿಂದು ಉಳಿದ ಊಟ ಕೊಳೆತು ಅಮೋನಿಯಾ ಆಯ್ತದೆ. ಅದು ಮೀನಿಗೆ ವಿಷ. ತೊಟ್ಟಿ ಒಳಗಿನ ಕಲ್ಲಿನ ಸಂದಿ ಸಂದೀಲಿ, ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರ್ತವೆ. ಅವು ಅಮೋನಿಯಾನ ನೈಟ್ರೈಟ್ ಮಾಡ್ತವೆ, ಇನ್ನೊಂದು ಜಾತಿಯವು ನೈಟ್ರೈಟನ್ನ ನೈಟ್ರೇಟ್ ಮಾಡ್ತವೆ. ಮೊದಲಿನ ಎರಡೂ ಕೊಲ್ತವೆ, ಮೂರನೇದು ವಸಿ ಜಾಸ್ತಿ ಇದ್ರೂ ಮೀನು ತಡ್ಕೊತದೆ. ಈ ಬ್ಯಾಕ್ಟೀರಿಯಾ ಬೆಳೆಯೋಕೆ ವಾರಗಟ್ಟಲೆ ಬೇಕು. ಮನೇಲಿ ಹೆಪ್ಪಿನ ಮೊಸರು ಒಂದು ಚಮಚ ಉಳಿಸ್ದೆ ಪಾತ್ರೆ ತೊಳೆದ್ರೆ ನಾಳೆ ಹಾಲು ಹೆಪ್ಪಾಗಲ್ಲ. ನಲ್ಲಿ ನೀರಿನ ಕ್ಲೋರಿನ್‌ನಲ್ಲಿ ಕಲ್ಲು ತೊಳೆದ್ರೂ ಅದೇ ಗತಿ. ತೊಟ್ಟಿ ಫಳ ಫಳ ಅಂತದೆ, ನಾಲ್ಕನೇ ದಿನ ಮೀನು ತೇಲ್ತದೆ.

ಎರಡನೇದು, ‘ನೀರು ಪೂರ್ತಿ ಬದಲಾಯಿಸಿ.’ ಹಾಳು ಬಿದ್ದ ತೊಟ್ಟೀಲಿರೋ ಮೀನು ಆ ಕೆಟ್ಟ ನೀರಿಗೆ ತಿಂಗಳುಗಟ್ಟಲೆ ನಿಧಾನಕ್ಕೆ ಹೊಂದಿಕೊಂಡಿರ್ತದೆ. ಅದನ್ನ ಒಂದೇ ಸಲ ಒಳ್ಳೇ ನೀರಿಗೆ ಹಾಕಿದ್ರೆ ತಡ್ಕೊಳಲ್ಲ. ಉಪವಾಸ ಇದ್ದೋರಿಗೆ ಮೊದಲು ಗಂಜಿ ಕೊಡ್ತೀವಾ, ಹಬ್ಬದೂಟ ಬಡಿಸ್ತೀವಾ? ಉಪ್ಪಿನಂಶನ ನಾನು ದಿನಕ್ಕೆ 0.001 ಲೆಕ್ಕದಲ್ಲಿ ಇಳಿಸ್ದೆ. ಒಂದು ವಾರದ ಮೇಲೆ ಹಿಡೀತು. ಅವಸರ ಯಾರಿಗಿತ್ತು? ನೋಡೋಕೆ ಬಂದೋರಿಗೆ ಇತ್ತು, ಮೀನಿಗೆ ಇರಲಿಲ್ಲ.

ಮೂರನೇದು, ‘ನೀಲಿ ಔಷಧಿ ಹಾಕಿ, ಎಲ್ಲಾ ರೋಗ ಹೋಯ್ತದೆ.’ ಈ ಅಂಗಡೀಲಿ ಸಿಗೋ ಎಷ್ಟೋ ಔಷಧಿಲಿ ತಾಮ್ರ ಇರ್ತದೆ. ಮೀನು ತಡ್ಕೊಬೋದು. ಏಡಿ, ಸಿಗಡಿ, ಬಸವನಹುಳಕ್ಕೆ ತಾಮ್ರ ವಿಷ. ಕಲ್ಲು ಅದನ್ನ ಹೀರ್ಕೊಂಡ್ರೆ ಆಮೇಲೆ ತಿಂಗಳುಗಟ್ಟಲೆ ಬುಡ್ತಾ ಇರ್ತದೆ. ಯಾವ ರೋಗ ಅಂತ ತಿಳೀದೆ ಔಷಧಿ ಹಾಕೋದು, ಜ್ವರ ಬಂದ ಮಗೀಗೆ ಪಕ್ಕದ ಮನೆಯೋರ ಮಾತ್ರೆ ಕೊಟ್ಟಂಗೆ. ಔಷಧಿ ಕೊಡಲೇಬೇಕು ಅಂದ್ರೆ ಬೇರೆ ಬಕೇಟಿನಲ್ಲಿ ಮೀನು ಬುಟ್ಟು ಕೊಡಬೇಕು.

ಸಾಗಿಸೋದು ಹೆಂಗೆ ಅಂತ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ತೊಟ್ಟೀಲಿ ನೀರು, ಕಲ್ಲು ಇಟ್ಕೊಂಡು ಎತ್ತಬಾರ್ದು. ತಳದ ಗಾಜು ಬಿರುಕು ಬುಡ್ತದೆ, ಎತ್ತೋರ ಸೊಂಟನೂ ಬುಡ್ತದೆ. ಕೆದಕೋಕೆ ಮುಂಚೆ ಮೇಲಿನ ತಿಳಿ ನೀರನ್ನ ಐದು 20 ಲೀಟರ್ ಕ್ಯಾನಿಗೆ ತುಂಬಿಸ್ಕೊಂಡ್ವಿ. ಕಲ್ಲುಗಳನ್ನ ಅದೇ ನೀರು ಹಾಕಿದ ಟಬ್ಬಿನಲ್ಲಿ ಮುಳುಗಿಸಿ ಇಟ್ವಿ. ಒಣಗಿದ್ರೆ ಹೆಪ್ಪು ಸಾಯ್ತದೆ. ಮೀನು, ಏಡಿನ ಮುಚ್ಚಳ ಇರೋ ಬಕೇಟಿನಲ್ಲಿ ಬುಟ್ಟು, ಬ್ಯಾಟರೀಲಿ ಓಡೋ ಗಾಳಿ ಪಂಪು ಹಾಕಿದ್ವಿ. ಕೊನೇಗೆ ಮರಳು. ಕೈ ಹಾಕಿದ ಕೂಡಲೇ ಕೆಳಗೆ ಕಪ್ಪಗೆ, ಕೊಳೆತ ಮೊಟ್ಟೆ ವಾಸನೆ. ಗಾಳಿ ಆಡದೆ ಕೊಳೆತ ಜಾಗದಲ್ಲಿ ಹುಟ್ಟೋ ಹೈಡ್ರೋಜನ್ ಸಲ್ಫೈಡ್ ಅದು, ಮೀನಿಗೆ ನಂಜು. ಆ ಮರಳನ್ನ ಮತ್ತೆ ಹಾಕಲಿಲ್ಲ. ಹೊಸ ಮರಳು ತೆಳುವಾಗಿ ಒಂದು ಪದರ ಹಾಕಿದ್ವಿ.

ತೆರಕಣಾಂಬಿ ಮೇಲೆ ಬಂದು ಮನೆ ಸೇರಿದ ಸಂಜೇನೇ ಎಲ್ಲಾ ಜೋಡಿಸಿದ್ದಾಯ್ತು. ಹಳೇ ನೀರಿನಷ್ಟೇ ಉಪ್ಪಿನಂಶ ಇರೋ ಹೊಸ ನೀರು ಎರಡು ಕ್ಯಾನು ಹಿಂದಿನ ದಿನಾನೇ ಕಲಸಿಟ್ಟಿದ್ದೆ. ಅದಕ್ಕೆ ಅಡಿಗೆ ಉಪ್ಪು ಆಗಲ್ಲ. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲಾ ಇರ್ತದೆ, ಅದನ್ನೆಲ್ಲಾ ಸೇರಿಸಿ ಮಾಡಿದ ಉಪ್ಪೇ ತರಬೇಕು. ಒಂದು ಬಕೇಟು ಉಪ್ಪಿನ ದುಡ್ಡಿಗೆ ಒಂದು ಗ್ಯಾಸ್ ಸಿಲಿಂಡರು ಬಂದು ಮಿಕ್ಕುತದೆ. ನೀರು ಆರ್‌ಓದು. ಬೋರಿನ ನೀರು ಹಾಕಿದ್ರೆ ಪಾಚಿ ಬೆಳೆಸ್ದಂಗೆ. ಆರ್‌ಓ ಮಷೀನು ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಆಚೆ ಬುಡ್ತದೆ. ಆ ನೀರನ್ನ ನಾನು ಪಾತ್ರೆ ತೊಳೆಯೋಕೆ, ನೆಲ ಒರೆಸೋಕೆ ಹಿಡ್ಕೊತೀನಿ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನ ಮಾತ್ರ ಗಿಡಕ್ಕೆ ಹಾಕಬೇಡಿ, ಕರಿಬೇವು ಒಣಗಿ ಹೋಯ್ತದೆ.

ಪ್ಲಗ್ಗಿನ ವಿಚಾರ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಉಪ್ಪುನೀರು ವಯರಿನ ಮೇಲೆ ಹರಿದು ಸೀದಾ ಸಾಕೆಟ್ಟಿಗೆ ಹೋಯ್ತದೆ. ವಯರು ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಬಿದ್ದು ಆಮೇಲೆ ಮೇಲಕ್ಕೆ ಹೋಗೋ ಹಂಗೆ ಬುಡಿ. ತೊಟ್ಟಿಕ್ಕೋ ನೀರು ಆ ತಗ್ಗಿನಲ್ಲೇ ನೆಲಕ್ಕೆ ಬೀಳ್ತದೆ. ನೀರಿಗೆ ಕೈ ಹಾಕೋಕೆ ಮುಂಚೆ ಸ್ವಿಚ್ ಆರಿಸಿ. ಮನೇಲಿ ಮಕ್ಕಳಿದ್ರೆ ಇದು ಜೀವದ ಪ್ರಶ್ನೆ.

ಐದನೇ ದಿನ ಡ್ಯಾಮ್ಸೆಲ್ ಹೋಯ್ತು. ಬರೋವಾಗಲೇ ಅರ್ಧ ಜೀವ ಆಗಿತ್ತು. ಮಿಕ್ಕವು ಉಳಿದ್ವು. ಮೊದಲ ತಿಂಗಳು ದಿನ ಬುಟ್ಟು ದಿನ ಅಮೋನಿಯಾ ನೋಡೋದು, 15 ಲೀಟರ್ ನೀರು ತೆಗೆದು 15 ಲೀಟರ್ ಹಾಕೋದು. ಅಷ್ಟಕ್ಕೆ ಅರ್ಧ ಕೆಜಿ ಉಪ್ಪು. ಊಟ ಕಡಿಮೆ, ದೀಪ ಆರು ಗಂಟೆ ಮಾತ್ರ, ಕೆಂಪು ಲೋಳೇನ ಪೈಪಿನಲ್ಲಿ ಎಳೆದು ಆಚೆ. ನಾಲ್ಕನೇ ವಾರಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂತು. ನೈಟ್ರೇಟ್ ಇಳಿಯೋಕೆ ನಾಲ್ಕು ತಿಂಗಳು ಬೇಕಾಯ್ತು. ಇದರಲ್ಲಿ ಪವಾಡ ಇಲ್ಲ. ಅಕ್ಕಿ ನೆನೆಹಾಕೋದು, ಹೆಪ್ಪು ಹಾಕೋದು, ಉಪ್ಪಿನಕಾಯಿ ಜಾಡಿಗೆ ಒದ್ದೆ ಸ್ಪೂನು ತಾಗಿಸ್ದೆ ಇರೋದು ಗೊತ್ತಿರೋ ಯಾವ ಹೆಂಗಸಾದ್ರೂ ಮಾಡಬೋದು. ಪಿಯುಸಿ ಓದಿದ ನನಗೆ ಇದು ಅರ್ಥ ಆಯ್ತು. ‘ಇದೆಲ್ಲಾ ಎಕ್ಸ್‌ಪರ್ಟ್‌ಗಳ ಕೆಲಸ’ ಅಂತ ಕೈ ಎತ್ತೋರು ಕೆಲಸ ತಪ್ಪಿಸ್ಕೊಳ್ಳೋಕೆ ಹಂಗಂತಾರೆ.

ಇಲ್ಲಿಗೆ ನನ್ನ ಎರಡನೇ ಜಗಳ. ತೊಟ್ಟಿ ತರೋನು ಒಬ್ಬ, ತೊಳೆಯೋಳು ಇನ್ನೊಬ್ಬಳು. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಒಂದೂವರೆ ಗಂಟೆ ಕೆಲಸ ಇದು. ಕರೆಂಟು ಹೋದ್ರೆ ರಾತ್ರಿ ಎರಡು ಗಂಟೇಲಾದ್ರೂ ಎದ್ದು ಗಾಳಿ ಪಂಪು ಹಾಕಬೇಕು. ಚಳಿಗಾಲದಲ್ಲಿ ಹೀಟರು ಕೆಟ್ಟದಾ ನೋಡಬೇಕು, ಏಪ್ರಿಲ್‌ನಲ್ಲಿ ಫ್ಯಾನು ಹಾಕಬೇಕು. ನೆಂಟ್ರು ಬಂದಾಗ ‘ನಂದು ನೋಡಿ’ ಅಂತ ತೋರಿಸೋ ಯಜಮಾನ್ರು ಈ ಕೆಲಸದ ಲೆಕ್ಕದಲ್ಲಿ ಎಲ್ಲಿ ಬತ್ತಾರೆ? ಆ ಮನೆಯ ಕೆಲಸದ ಹುಡುಗಿ ತಲೆ ಮೇಲೆ ತಪ್ಪು ಹಾಕಿದ್ರಲ್ಲ, ಅದು ನನಗೆ ಪಾಚಿಗಿಂತ ಜಾಸ್ತಿ ನಾತ ಹೊಡೀತು. ಯಾರ ಷೋಕಿಯೋ ಅವರ ಕೈಯಲ್ಲೇ ಬಕೇಟು ಇರಬೇಕು. ನಮ್ಮನೇಲಿ ತೊಟ್ಟಿ ತರೋಣ ಅಂದೋಳು ನಾನು, ಬಕೇಟು ನನ್ನದು. ನನ್ನ ಸೊಸೆ ಕೈಗೆ ಕೊಟ್ಟಿಲ್ಲ, ಕೊಡೋದೂ ಇಲ್ಲ.

ಈಗ ನನ್ನ ಎದುರು ವಾದ ಮಾಡೋರ ಮಾತಿಗೆ ಬರೋಣ. ‘ನಿಮ್ಮನೇಲೂ ಮೀನು ಸಾರು ಮಾಡ್ತೀರಿ, ಈಗ ಮೀನಿನ ಮೇಲೆ ಕನಿಕರನಾ?’ ಅಂತ ಒಬ್ಬರು ಕೇಳಿದ್ರು. ಮಾಡ್ತೀವಿ. ತಿನ್ನೋಕೆ ಹಿಡಿದ ಮೀನು ಬೇಗ ಸಾಯ್ತದೆ. ಇದು ಎಂಟು ತಿಂಗಳು ಗಾಜಿನೊಳಗೆ, ಎಲ್ಲರ ಕಣ್ಣೆದುರಿಗೆ, ಟಿವಿ ಪಕ್ಕದಲ್ಲಿ ಸಾಯ್ತದೆ. ಸಾಕ್ತೀನಿ ಅಂತ ತಂದ ಮೇಲೆ ಸಾಕಬೇಕು. ಕ್ಲೌನ್ ಮೀನು ಸರಿಯಾಗಿ ನೋಡ್ಕೊಂಡ್ರೆ ಹತ್ತು ವರ್ಷದ ಮೇಲೂ ಬದುಕ್ತದೆ. ಅವು ಹುಟ್ಟುವಾಗ ಎಲ್ಲಾ ಗಂಡೇ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿ ಆಯ್ತದೆ. ಅದು ಸತ್ರೆ ಅದರ ಜೋಡಿ ಗಂಡು ಹೆಣ್ಣಾಗಿ ಆ ಜಾಗಕ್ಕೆ ಬತ್ತದೆ. ಇಂಥ ಸಂಸಾರ ಇರೋ ಜೀವನ ನಾವು ಪಟ್ಟೀಲಿ ‘ಸಮೇತ’ ಅಂತ ಬರೆಯೋದು.

ಇನ್ನೊಬ್ಬರು, ‘ಸಾಕೋಕೆ ಆಗದಿದ್ರೆ ಕೆರೆಗೆ ಬುಟ್ಟುಬುಡಿ, ಪುಣ್ಯ ಬತ್ತದೆ.’ ಕಡಲ ಮೀನು ಕೆರೇಲಿ ಬದುಕಲ್ಲ ಕನಪ್ಪ. ಅದರ ಮೈಯಿಗಿಂತ ಕಡಲ ನೀರು ಉಪ್ಪು. ಹಾಗಾಗಿ ನಿಂಬೆಕಾಯಿಗೆ ಉಪ್ಪು ಹಾಕಿದ್ರೆ ನೀರು ಬುಡೋ ಹಂಗೆ ಅದರ ಮೈ ನೀರು ಬುಡ್ತಾನೇ ಇರ್ತದೆ, ಅದು ಕಡಲ ನೀರು ಕುಡಿದು, ಉಪ್ಪನ್ನ ಕಿವಿರಿನಿಂದ ಆಚೆ ಹಾಕಿ ಬದುಕ್ತದೆ. ಕೆರೆಗೆ ಹಾಕಿದ್ರೆ ಉಲ್ಟಾ, ನೀರು ಮೈಯೊಳಗೆ ನುಗ್ತದೆ. ಇನ್ನು ಸಿಹಿನೀರಿನ ತೊಟ್ಟಿ ಮೀನು ಕೆರೆಗೆ ಬುಟ್ರೆ ಇನ್ನೊಂದು ಕೇಡು. ಗಾಜು ನೆಕ್ಕಲಿ ಅಂತ ತರೋ ದಕ್ಷಿಣ ಅಮೆರಿಕದ ಸಕ್ಕರ್ ಮೀನು ತೊಟ್ಟಿಗೆ ದೊಡ್ಡದಾಯ್ತು ಅಂತ ಜನ ಬುಟ್ಟು ಬುಟ್ಟು, ನಮ್ಮ ದೇಶದ ಎಷ್ಟೋ ಕೆರೆ ಹೊಳೆ ಸೇರ್ಕೊಂಡದೆ. ಅದರ ಮುಳ್ಳಿಗೆ ಮೀನುಗಾರರ ಬಲೆ ಹರಿದು ಹೋಯ್ತದೆ. ಪುಣ್ಯ ನಿಮಗೆ, ನಷ್ಟ ಅವರಿಗೆ.

ಮೂರನೇ ಮಾತು ಗಟ್ಟಿ ಮಾತು, ಅದನ್ನ ನಾನು ಒಪ್ತೀನಿ. ‘ಕುಡಿಯೋ ನೀರಿಗೆ ಕೊಡ ಹಿಡ್ಕೊಂಡು ನಿಂತ ಸೀಮೇಲಿ ಉಪ್ಪುನೀರಿನ ತೊಟ್ಟಿ ಯಾಕೆ?’ ಯಾಕೂ ಬೇಡ. ಅದಕ್ಕೇ ಹೊಸದು ಮಾಡಬೇಡಿ ಅಂದದ್ದು. ನೀರು, ಕರೆಂಟು, ದುಡ್ಡು ಮೂರೂ ತಿಂತದೆ. ಅಂಗಡಿಗೆ ಬರೋ ಎಷ್ಟೋ ಕಡಲ ಮೀನು ಹವಳದ ದಿಬ್ಬದಿಂದ ಬಲೇಲಿ ಹಿಡಿದು ತಂದವು. ಕ್ಲೌನ್ ಮೀನನ್ನ ನಮ್ಮ ದೇಶದಲ್ಲೇ ಮರಿ ಮಾಡಿಸೋ ವಿದ್ಯೆನ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೋರು ಕಂಡುಕೊಂಡವ್ರೆ. ಎಲ್ಲಾ ಜಾತಿಗೂ ಹಂಗಾಗಿಲ್ಲ. ಇನ್ನು ಹವಳ ಇಡ್ತೀನಿ ಅನ್ನೋರಿಗೆ ಒಂದು ಮಾತು. ದಿಬ್ಬ ಕಟ್ಟೋ ಹವಳನ, ಕಡಲಕುದುರೇನ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸವ್ರೆ. ನಮ್ಮ ಬಂಡೀಪುರದ ಹುಲಿ ಇರೋದೂ ಆ ಪಟ್ಟೀಲೇ. ಹುಲಿ ಚರ್ಮ ಮನೇಲಿ ಇಟ್ಕೊಂಡ್ರೆ ಏನಾಯ್ತದೆ ಅಂತ ಈ ತಾಲೂಕಿನೋರಿಗೆ ನಾನು ಹೇಳಬೇಕಾ?

ಆದ್ರೆ ಆ ಗಟ್ಟಿ ಮಾತು ಆಡೋರು ಮುಂದಕ್ಕೆ ಯೋಚನೆ ಮಾಡಲ್ಲ. ಆಗಲೇ ಬಂದುಬುಟ್ಟ ಮೀನು ಎಲ್ಲಿಗೆ ಹೋಗಬೇಕು? ಕೆರೆಗೆ ಆಗಲ್ಲ. ತೊಟ್ಟೀಲಿ ವರ್ಷಗಟ್ಟಲೆ ಇದ್ದದ್ದನ್ನ ಕಡಲಿಗೆ ಬುಟ್ರೆ ರೋಗ ಹರಡೋ ಭಯ, ಜೊತೆಗೆ ಯಾವ ಕಡಲಿಂದ ಬಂದದ್ದೋ ಅದು. ಅದಕ್ಕಿರೋ ಜಾಗ ಇನ್ನೊಂದು ತೊಟ್ಟಿ ಮಾತ್ರ, ನೋಡ್ಕೊಳ್ಳೋ ಕೈ ಇರೋ ಮನೆ ಮಾತ್ರ. ಹಾಗಾಗಿ ಆಸೆ ಇದ್ದೋರು ಅಂಗಡಿಗೆ ಹೋಗಬೇಡಿ, ಹಾಳು ಬಿದ್ದ ಒಂದು ತೊಟ್ಟಿ ಹುಡುಕಿ. ನೀವು ಹೊಸದು ಕೊಂಡ್ರೆ ಕಡಲಿಂದ ಇನ್ನೆರಡು ಮೀನು ಬರ್ತವೆ. ಹಳೇದು ತಂದ್ರೆ ಇರೋ ಎರಡು ಉಳೀತವೆ.

ನಮ್ಮ ಹೆದ್ದಾರೀಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತಂಕ ಆಂಬ್ಯುಲೆನ್ಸು, ಕೆಲವು ಬಸ್ಸು ಬುಟ್ರೆ ಕಾಡಿನೊಳಗೆ ಗಾಡಿ ಬುಡಲ್ಲ. ಆನೆ, ಜಿಂಕೆ ಗಾಡಿಗೆ ಸಿಕ್ಕಿ ಸಾಯಬಾರ್ದು ಅಂತ. ಅದರಿಂದ ನಮಗೆ ತೊಂದ್ರೆ ಆಗಿಲ್ವಾ? ಆಗದೆ. ಆದ್ರೂ ಹೊಂದ್ಕೊಂಡಿದ್ದೀವಿ. ರಸ್ತೇಲಿ ಓಡಾಡೋ ಪ್ರಾಣಿಗೆ ಒಂಬತ್ತು ಗಂಟೆ ಬುಟ್ಟುಕೊಟ್ಟ ಊರಿನೋರು ಹಾಲಿನಲ್ಲಿರೋ ಪ್ರಾಣಿಗೆ ದಿನಕ್ಕೆ ಹತ್ತು ನಿಮಿಷ ಕೊಡಕ್ಕಾಗಲ್ವಾ?

ಮಾರೋರಿಗೆ ನಾನು ಕೇಳೋದು ದೊಡ್ಡದೇನಲ್ಲ. ತೊಟ್ಟಿಗೆ ದುಡ್ಡು ತಕ್ಕೊಳಿ, ಮೀನಿಗೆ ತಕ್ಕೋಬೇಡಿ. ಏನೇನು ಔಷಧಿ ಹಾಕಿದ್ರಿ, ಯಾವತ್ತು ನೀರು ಬದಲಾಯಿಸಿದ್ರಿ, ಮೀನಿಗೆ ಎಷ್ಟು ವಯಸ್ಸು ಅಂತ ಒಂದು ಚೀಟೀಲಿ ಬರೆದು ಕೊಡಿ. ಮನೆ ಬಿಡೋ ಹಿಂದಿನ ದಿನ ಹೇಳಬೇಡಿ, ತಿಂಗಳು ಮುಂಚೆ ಹೇಳಿ, ತಕ್ಕೊಳೋರು ನೀರು ಉಪ್ಪು ಹೊಂದಿಸ್ಕೊಬೇಕು. ಅಂಗಡಿಯೋರು ಮಾರುವಾಗ ಬರೀ ಬಣ್ಣ ತೋರಿಸಬೇಡಿ, ವಾರದ ಕೆಲಸ ಎಷ್ಟು ಅಂತ ಬಾಯಿಬಿಟ್ಟು ಹೇಳಿ. ಸಾಕೋಕೆ ಆಗದೋರ ಮೀನನ್ನ ವಾಪಸ್ ತಕ್ಕೊಳಿ. ಮನೆ ಗಂಡಸರು ತೊಟ್ಟಿ ಬೇಕು ಅಂದ್ರೆ, ತಾಯಂದ್ರೆ, ಮೊದಲು ಒಂದು ತಿಂಗಳು ದಿನಾ ಒಂದು ಬಕೇಟು ನೀರು ಮಹಡಿಗೆ ಹೊತ್ತು ಇಳಿಸೋಕೆ ಹೇಳಿ. ಮೂವತ್ತು ದಿನ ತಪ್ಪದೆ ಮಾಡಿದ್ರೆ ಆಮೇಲೆ ಮಾತಾಡಿ.

ಸೋಫಾ ಹಳೇದಾದ್ರೆ ಮಾರಿ, ಬೀರು ತುಕ್ಕು ಹಿಡಿದ್ರೆ ಗುಜರಿಗೆ ಹಾಕಿ, ಯಾರೂ ಕೇಳಲ್ಲ. ಉಸಿರಾಡೋದನ್ನ ಮಾತ್ರ ಆ ಪಟ್ಟಿಯಿಂದ ತೆಗೆದು, ಯಾರ ಕೈಗೆ ಕೊಡ್ತಿದ್ದೀರಿ ಅಂತ ನೋಡಿ ಕೊಡಿ.